ಹುಲ್ಲಿನ ಮೆದೆ ಕಲೆಯೋ, ಕಸುಬೋ? ಪ್ರಾಜೆಕ್ಟ್ ಒಪ್ಪಿಸೋಕೆ ಇನ್ನು ಹನ್ನೆರಡು ದಿನ ಇದೆ

ಸಿವುಡು · ಭಾನುವಾರ, ರಾತ್ರಿ 8:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಮೈಸೂರಲ್ಲಿ ಶಿಲ್ಪಕಲೆ ಓದ್ತಿದ್ದೀನಿ, ಕೊನೇ ವರ್ಷ. ಊರು ಪಾಂಡವಪುರದ ಹತ್ತಿರ, ನಾಲೆ ಕೆಳಗಿನ ಗದ್ದೆ ನಮ್ಮದು. ಕೊನೇ ಪ್ರಾಜೆಕ್ಟಿಗೆ ನನ್ನ ಜೊತೆಯವರೆಲ್ಲ ಫೈಬರ್, ಕಬ್ಬಿಣ, ಕಲ್ಲು ಅಂತ ಆರಿಸಿಕೊಂಡರು. ನಾನು ಹುಲ್ಲಿನ ಮೆದೆ ಅಂದೆ. ಚಿಕ್ಕವಳಿದ್ದಾಗಿಂದ ನಾನು ನೋಡಿರೋ ಅತಿ ದೊಡ್ಡ ಆಕಾರ ಅದೇ. ಮನೆ ಹಿಂದೆ ಪ್ರತಿ ವರ್ಷ ಎದ್ದು ನಿಲ್ಲುತ್ತೆ, ವರ್ಷ ಪೂರ್ತಿ ಕರಗುತ್ತೆ, ಮತ್ತೆ ಏಳುತ್ತೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಟ್ರ್ಯಾಕ್ಟರ್ ಹುಲ್ಲು ತರಿಸಿದೆ. ಮೆಷಿನ್ ಕೊಯ್ಲಿನದಲ್ಲ, ಕೈಯಲ್ಲಿ ಕೊಯ್ದು ಬಡಿದದ್ದು. ಅಪ್ಪ, ದೊಡ್ಡಪ್ಪ ಇಬ್ಬರೂ ಬಂದರು. ಗೇಟಲ್ಲಿ ರಿಜಿಸ್ಟರಿಗೆ ಏನು ಬರೀಬೇಕು ಅಂತ ಕಾವಲಿನವರು ಕೇಳಿದರು. ನಾನು "ಶಿಲ್ಪ" ಅಂದೆ. ಅವರು ಟ್ರ್ಯಾಕ್ಟರ್ ಕಡೆ ನೋಡಿ "ದನದ ಮೇವು, 1 ಲೋಡು" ಅಂತ ಬರ್ಕೊಂಡರು. ಬೆಳಗ್ಗೆ ಏಳಕ್ಕೆ ಕೈ ಹಾಕಿದ್ದು, ಸಂಜೆ ನಾಲ್ಕಕ್ಕೆ ಒಂಬತ್ತು ಅಡಿ ಮೆದೆ ನಿಂತಿತ್ತು. ನಾನು ಹುಲ್ಲು ಎತ್ತಿ ಕೊಟ್ಟೆ ಅಷ್ಟೇ. ಒಟ್ಟಿದ್ದು ಅವರು.

ಮೊನ್ನೆ ಮೌಲ್ಯಮಾಪನಕ್ಕೆ ಮೂವರು ಬಂದರು. ಒಬ್ಬರು ಕೇಳಿದ್ದು: "ಇದು ಕಸುಬು. ಚೆನ್ನಾಗಿದೆ, ಒಪ್ತೀನಿ. ಆದರೆ ಕಲೆ ಎಲ್ಲಿದೆ?" ಇನ್ನೊಬ್ಬರು: "ಇದು ನಿಮ್ಮ ತಂದೆ ಮಾಡಿದ್ದು. ನಿನ್ನ ಕೆಲಸ ಯಾವುದು?" ಮೂರನೆಯವರು ನಡುವೆ ಸೀಳಿ ಒಳಗೆ ಕನ್ನಡಿ ಇಡು, ಆಗ ಅರ್ಥ ಬರುತ್ತೆ ಅಂದರು. ಇದನ್ನ ಫೋನಲ್ಲಿ ಹೇಳಿದಾಗ ಅಪ್ಪ ಬೇರೆ ಏನೂ ಕೇಳಲಿಲ್ಲ. "ಸೀಳಿದ್ರೆ ನೀರು ಇಳೀತದಲ್ಲವ್ವ" ಅಂದ್ರು.

ನನಗೆ ಮೂವರಿಗೂ ಉತ್ತರ ಹೊಳೀಲಿಲ್ಲ. ಮೆದೆ ಕಲೆಯಾ? ಆಗಿದ್ರೆ ಕಲಾವಿದ ಯಾರು, ಅಪ್ಪನಾ ನಾನಾ? ಪಕ್ಕದಲ್ಲಿ ಇಡೋ ಫಲಕದಲ್ಲಿ ಯಾರ ಹೆಸರು ಬರೀಲಿ?

ಮಂಡ್ಯದ ಹೈದ · ಭಾನುವಾರ, ರಾತ್ರಿ 8:41

ಮೆದೆ ಒಟ್ಟೋದು ಕಲೆ ಅಲ್ದೆ ಇನ್ನೇನವ್ವ ತಂಗಿ. ನಮ್ಮೂರಲ್ಲಿ ಎಲ್ಲಾರ್ ಮನೇಲೂ ಗದ್ದೆ ಐತೆ, ಎಲ್ಲಾರ್ಗೂ ಹುಲ್ಲು ಬತ್ತದೆ. ಮೆದೆ ಒಟ್ಟಕ್ಕೆ ಮಾತ್ರ ಇಬ್ರನ್ನೇ ಕರೀತಿದ್ರು. ಮಿಕ್ಕೋರು ಒಟ್ಟಿದ್ದು ಮೊದಲ್ನೇ ಮುಂಗಾರಿಗೇ ಒಳಗೆ ಕಪ್ಪಾಗಿ ಬೂಷ್ಟು ಹಿಡಿಯೋದು, ದನ ಮೂಸಿ ನೋಡಿ ಮುಖ ತಿರುಗಿಸೋವು. ಆ ಇಬ್ರು ಒಟ್ಟಿದ್ದು ಮುಂದಿನ ಸುಗ್ಗಿವರ್ಗೂ ಒಳಗೆ ಚಿನ್ನದಂಗೆ ಇರೋದು.

ಕುಕ್ಕರಹಳ್ಳಿ ಏರಿ · ಭಾನುವಾರ, ರಾತ್ರಿ 9:05

ನಾನು ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೌಲ್ಯಮಾಪಕರು ಕೇಳಿದ ಪ್ರಶ್ನೆ ತಪ್ಪಲ್ಲ. ನೀರು ಇಳಿಯದ ಹಾಗೆ ಒಟ್ಟೋದು ನೈಪುಣ್ಯ. ಒಳ್ಳೆ ಗಾರೆ ಕೆಲಸದವರಿಗೂ ಇದೆ, ಒಳ್ಳೆ ದರ್ಜಿಗೂ ಇದೆ. ಕೈ ಚೆನ್ನಾಗಿ ಓಡಿದ್ದನ್ನೆಲ್ಲ ಕಲೆ ಅಂದರೆ ಆ ಪದಕ್ಕೆ ಅರ್ಥ ಉಳಿಯಲ್ಲ. ಕಲಾ ಕಾಲೇಜಿನಲ್ಲಿ ಪದವಿಗೆ ಕೂತಿರೋರು ನೀವು, ನಿಮ್ಮ ತಂದೆ ಅಲ್ಲ. ನಿಮ್ಮ ಯೋಚನೆ ಎಲ್ಲಿದೆ ಅಂತ ಅವರು ಕೇಳಲೇಬೇಕು.

ನಾಲ್ಕನೇ ಮುಖ್ಯರಸ್ತೆ · ಭಾನುವಾರ, ರಾತ್ರಿ 9:11

ಗೋಡೆಗೆ ಟೇಪು ಹಾಕಿ ಅಂಟಿಸಿದ ಬಾಳೆಹಣ್ಣು 2024ರಲ್ಲಿ 62 ಲಕ್ಷ ಡಾಲರಿಗೆ ಹರಾಜಾಯ್ತು. ಅದರ ಮುಂದೆ ಇದೇನು ಕಮ್ಮಿ?

ಕುಕ್ಕರಹಳ್ಳಿ ಏರಿ · ಭಾನುವಾರ, ರಾತ್ರಿ 9:16

@ನಾಲ್ಕನೇ ಮುಖ್ಯರಸ್ತೆ ಬೆಲೆಯಿಂದ ತೀರ್ಮಾನ ಆಗಲ್ಲ. ಆ ಬಾಳೆಹಣ್ಣು 2019ರಲ್ಲಿ ಮಿಯಾಮಿಯ ಮೇಳದಲ್ಲಿ ಮೊದಲು ತೂಗುಬಿದ್ದಾಗ 1,20,000 ಡಾಲರ್. ಹಣ್ಣು ಕೊಳೆತರೆ ಬೇರೆ ಹಣ್ಣು ಹಾಕಬಹುದು. ಕೊಂಡವರು ಕೊಂಡಿದ್ದು ಪ್ರಮಾಣಪತ್ರ ಮತ್ತು ಹೇಗೆ ಅಂಟಿಸಬೇಕು ಅನ್ನೋ ಸೂಚನೆ. ಮೆದೆ ಅದಕ್ಕೆ ಪೂರ್ತಿ ಉಲ್ಟಾ. ಸೂಚನೆ ಬರೆದುಕೊಟ್ಟರೆ ನನ್ನಿಂದ ನಿಮ್ಮಿಂದ ಒಟ್ಟೋಕಾಗಲ್ಲ.

ಮಂಡ್ಯದ ಹೈದ · ಭಾನುವಾರ, ರಾತ್ರಿ 9:18

ಅಲ್ಲಣ್ಣ, ಈಗ ನೀವೇ ನಮ್ ಕಡೆ ಮಾತಾಡ್ದಂಗಾಯ್ತಲ್ಲ!

ಗೆಸ್ಸೋ ಕೈ · ಭಾನುವಾರ, ರಾತ್ರಿ 10:02

ಈ ಕಲೆ-ಕಸುಬಿನ ಗೆರೆ ಮೇಲೆ ನನ್ನ ಹತ್ತೊಂಬತ್ತು ವರ್ಷ ಕಳೆದಿದೆ, ಅದಕ್ಕೆ ಬರೀತಿದ್ದೀನಿ. ನಾನು ಮೈಸೂರು ಸಾಂಪ್ರದಾಯಿಕ ಚಿತ್ರ ಬರೆಯೋಳು. ಗುರುಗಳ ಮನೆಯಲ್ಲಿ ಮೊದಲನೇ ವರ್ಷ ಬರೀ ರೇಖೆ. ಬಣ್ಣ ಮುಟ್ಟೋ ಹಾಗಿಲ್ಲ. ಆಮೇಲೆ ಗೆಸ್ಸೋ, ಅಂದರೆ ಉಬ್ಬು ಕೆಲಸದ ಲೇಪ: ಸಫೇದದ ಪುಡಿ, ರೇವನ ಚಿನ್ನಿ, ಅಂಟು ಅರೆದು, ಕುಂಚದ ತುದಿಯಲ್ಲಿ ಎಳೆ ಎಳೆಯಾಗಿ ಎತ್ತಬೇಕು. ತಂಜಾವೂರಿನ ಹಾಗೆ ದಪ್ಪ ಬರಬಾರದು. ಬೆರಳಾಡಿಸಿದರೆ ಮಾತ್ರ ಉಬ್ಬು ಗೊತ್ತಾಗಬೇಕು. ಅದರ ಮೇಲೆ ಚಿನ್ನದ ರೇಕು.

ಇಷ್ಟು ಮಾಡಿ ಒಂದು ಪ್ರದರ್ಶನಕ್ಕೆ ಕಳಿಸಿದರೆ, ಅಲ್ಲಿಯವರು ನನಗೆ ಜಾಗ ಕೊಟ್ಟಿದ್ದು ಹೊರಗಡೆ ಅಗರಬತ್ತಿ ಅಂಗಡಿ ಸಾಲಲ್ಲಿ. "ಗ್ಯಾಲರಿ ಸಮಕಾಲೀನ ಕಲೆಗೆ, ನಿಮ್ಮದು ಕರಕುಶಲ" ಅಂದರು. ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದಾಗ ನಾವೆಲ್ಲ ಖುಷಿಪಟ್ಟೆವು, ಆದರೆ ಅದೇ ಕಾಗದ "ಕರಕುಶಲ" ಅನ್ನೋ ಮುದ್ರೆ ಒತ್ತಿಬಿಟ್ಟಿತು. ಗುರುಗಳ ಹಾಗೇ ಬರೆದರೆ ಸ್ವಂತಿಕೆ ಇಲ್ಲ ಅಂತಾರೆ. ಗುರುಗಳ ಹಾಗೆ ಬರೆಯೋಕೆ ಹತ್ತು ವರ್ಷ ಬೇಕು ಅಂತ ಯಾರೂ ನೋಡಲ್ಲ.

ತಂಗಿ, ನಿನ್ನ ಅಪ್ಪನ ಹೆಸರು ಬರಿ. ಧೈರ್ಯವಾಗಿ ಬರಿ.

ಅಗ್ರಹಾರ ನಿವಾಸಿ · ಭಾನುವಾರ, ರಾತ್ರಿ 10:30

ನಮ್ಮಲ್ಲಿ ಈ ಜಗಳವೇ ಇರಲಿಲ್ಲ. ವಾತ್ಸ್ಯಾಯನನ 64 ಕಲೆಗಳ ಪಟ್ಟಿ ತೆಗೆದು ನೋಡಿ. ಹಾಡು, ಕುಣಿತ, ಚಿತ್ರದ ಜೊತೆಗೇ ಅಕ್ಕಿ-ಹೂವಿನಿಂದ ನೆಲದ ಮೇಲೆ ಬಿಡಿಸೋದು, ಹಾರ ಕಟ್ಟೋದು, ಬಡಗಿ ಕೆಲಸ, ಹೊಲಿಗೆ, ಅಡುಗೆ, ಗಿಳಿಗೆ ಮಾತು ಕಲಿಸೋದು ಎಲ್ಲ ಇದೆ. ಕಲೆ ಬೇರೆ ಕಸುಬು ಬೇರೆ ಅನ್ನೋದು ಯುರೋಪಿನಿಂದ ಬಂದ ಗೋಡೆ.

ಕುಕ್ಕರಹಳ್ಳಿ ಏರಿ · ಭಾನುವಾರ, ರಾತ್ರಿ 10:44

ಸರ್, ಆ ಪಟ್ಟಿಯ ಕಲೆ ಅನ್ನೋ ಪದಕ್ಕೆ ಕಲಿತ ವಿದ್ಯೆ ಅನ್ನೋ ಅರ್ಥ. ಅದರಲ್ಲಿ ಜೂಜೂ ಇದೆ. ಅದನ್ನ ಹಿಡಿದು ಈ ಹುಡುಗಿ ಮೌಲ್ಯಮಾಪಕರ ಮುಂದೆ ಹೋದರೆ ಒಂದು ನಿಮಿಷ ನಿಲ್ಲಲ್ಲ. ಗೋಡೆ ಇರಲಿಲ್ಲ ಅನ್ನೋದೂ ಪೂರ್ತಿ ನಿಜವಲ್ಲ. ಕಾವ್ಯ ಬರೆದವನಿಗೆ ಸಿಕ್ಕ ಮರ್ಯಾದೆ ಮಡಕೆ ಮಾಡಿದವನಿಗೆ ಯಾವ ಕಾಲದಲ್ಲಿ ಸಿಕ್ಕಿತ್ತು ಹೇಳಿ?

ಅಗ್ರಹಾರ ನಿವಾಸಿ · ಭಾನುವಾರ, ರಾತ್ರಿ 10:51

ಕೊನೇ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಒಪ್ಪಿದೆ.

ಬಣ್ಣದ ಡಬ್ಬಿ · ಸೋಮವಾರ, ಬೆಳಗ್ಗೆ 7:15

ಯಾರೂ ಮೊನೆ ಹೆಸರು ಎತ್ತಲಿಲ್ಲವಲ್ಲ! ಫ್ರಾನ್ಸಿನ ಕ್ಲೋಡ್ ಮೊನೆ 1890-91ರಲ್ಲಿ ಮನೆ ಪಕ್ಕದ ಹೊಲದಲ್ಲಿದ್ದ ಹುಲ್ಲಿನ ಮೆದೆಗಳನ್ನೇ ಮತ್ತೆ ಮತ್ತೆ ಬರೆದ. ಬೆಳಗ್ಗೆ, ಸಂಜೆ, ಹಿಮ ಬಿದ್ದಾಗ, ಹೀಗೆ 25ರಷ್ಟು ಚಿತ್ರ. ಅದರಲ್ಲಿ ಒಂದು 2019ರಲ್ಲಿ 11 ಕೋಟಿ ಡಾಲರ್ ದಾಟಿತು. ಮೆದೆ ಬರೆದವನು ಕಲಾವಿದ. ಒಟ್ಟಿದ ರೈತರು ಯಾರು ಅಂತ ಒಬ್ಬರೂ ಕೇಳಲ್ಲ. ನನಗೆ ಈ ವಿಷಯ ಯೋಚಿಸಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ನಾಲೆ ಏರಿ ರೈತ · ಸೋಮವಾರ, ಬೆಳಗ್ಗೆ 7:40

ಒಂದು ತಿದ್ದುಪಡಿ. ಆ ಚಿತ್ರಗಳಲ್ಲಿ ಇರೋದು ಬರೀ ಹುಲ್ಲಲ್ಲ, ಕಾಳು ಬಿಡಿಸದ ಗೋಧಿ ಸಿವುಡು, ಅಂದ್ರೆ ತೆನೆ ಸಮೇತ ಕಟ್ಟಿದ ಕಟ್ಟು. ತೆನೆ ಒಳಗೆ ಮಾಡಿ ಒಟ್ಟಿ, ಮೇಲೆ ಹುಲ್ಲಿನ ಟೋಪಿ ಹಾಕೋರು. ನಮ್ಮಲ್ಲಿ ರಾಗಿ ಕೊಯ್ದು ಕಣ ಮಾಡೋವರೆಗೂ ಒಟ್ಟಿಡ್ತೀವಲ್ಲ, ಅದೇ ಲೆಕ್ಕ. ಅಂದ್ರೆ ಅವರ ಒಂದು ವರ್ಷದ ಅನ್ನ ಆ ಮೆದೆ ಒಳಗೆ ಇತ್ತು. ಮಳೆ ನೀರು ಇಳಿದಿದ್ರೆ ದನಕ್ಕಲ್ಲ, ಮಕ್ಕಳಿಗೇ ಉಪವಾಸ.

ಬಣ್ಣದ ಡಬ್ಬಿ · ಸೋಮವಾರ, ಬೆಳಗ್ಗೆ 7:52

@ನಾಲೆ ಏರಿ ರೈತ ನಮಸ್ಕಾರ ಸರ್. ಚಿತ್ರ ಬಿಡಿಸೋಳು ನಾನು, ಆ ಚಿತ್ರದಲ್ಲಿ ಏನಿದೆ ಅಂತ ನಿಮ್ಮಿಂದ ತಿಳ್ಕೊಂಡೆ. ಇನ್ನೊಂದು ಸಂಗತಿ: 1896ರಲ್ಲಿ ಮಾಸ್ಕೋದ ಪ್ರದರ್ಶನದಲ್ಲಿ ಅದರಲ್ಲಿ ಒಂದನ್ನ ನೋಡಿದ ಕ್ಯಾಂಡಿನ್‌ಸ್ಕಿಗೆ ಅದು ಮೆದೆ ಅಂತಲೇ ಗೊತ್ತಾಗಲಿಲ್ಲ. ಪಟ್ಟಿಯಲ್ಲಿ ಹೆಸರು ಓದಿದ ಮೇಲೆ ತಿಳಿಯಿತು. ವಸ್ತು ಗುರುತಾಗದೆಯೂ ಚಿತ್ರ ಮನಸ್ಸನ್ನ ಹಿಡಿಯುತ್ತೆ ಅನ್ನೋದು ಅವನಿಗೆ ಅಲ್ಲಿ ಹೊಳೀತು. ಮುಂದೆ ಅಮೂರ್ತ ಚಿತ್ರಕ್ಕೆ ದಾರಿ ಹಾಕಿದವರಲ್ಲಿ ಅವನೂ ಒಬ್ಬ.

ದೀಪದ ಬೀದಿ · ಸೋಮವಾರ, ಬೆಳಗ್ಗೆ 9:30

ಮೈಸೂರಲ್ಲಿ ಇದ್ಕೊಂಡು ಫ್ರಾನ್ಸಿಗೆ ಯಾಕೆ ಹೋಗ್ತೀರಿ. ಜಗನ್ಮೋಹನ ಅರಮನೆಗೆ ಹೋಗಿ ರವಿವರ್ಮನ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿ. ಕಲೆ ಅಂದ್ರೆ ಅದು. ಮುಖದ ಮೇಲೆ ಬೆಳಕು ಬಿದ್ದಿರೋದು ನಿಜವಾದ ದೀಪದಿಂದಲೇ ಅನ್ನಿಸುತ್ತೆ.

ಗೆಸ್ಸೋ ಕೈ · ಸೋಮವಾರ, ಬೆಳಗ್ಗೆ 9:38

ಅದು ರವಿವರ್ಮ ಅಲ್ಲ. ಎಸ್.ಎಲ್. ಹಲ್ದಣ್ಕರ್. ತೈಲವರ್ಣವೂ ಅಲ್ಲ, ಜಲವರ್ಣ! ನಿಂತಿರೋದು ಅವರ ಮಗಳು. ರವಿವರ್ಮನ ಚಿತ್ರಗಳು ಅದೇ ಗ್ಯಾಲರಿಯಲ್ಲಿ ಇವೆ, ಅದಕ್ಕೆ ಎಲ್ಲರೂ ಬೆರೆಸಿಬಿಡ್ತಾರೆ.

ದೀಪದ ಬೀದಿ · ಸೋಮವಾರ, ಬೆಳಗ್ಗೆ 9:40

ಇಷ್ಟು ವರ್ಷ ನೆಂಟರಿಗೆಲ್ಲ ತಪ್ಪು ಹೇಳಿದ್ದೀನಿ. ತಿದ್ದಿದ್ದಕ್ಕೆ ಥ್ಯಾಂಕ್ಸ್ ಅಕ್ಕ.

ಧಾರವಾಡದಾಂವ · ಸೋಮವಾರ, ಬೆಳಗ್ಗೆ 10:05

ನಮ್ಮ ಕಡೆ ಬಣವಿ ಅಂತೀವ್ರಿ. ಒಟ್ಟೋದು ಅಂತನ ಅಂತೀವಿ. ಅಪ್ಪಾರಿಗೆ ನಮಸ್ಕಾರ ಹೇಳ್ರಿ.

ವಕೀಲರ ಮಗಳು · ಸೋಮವಾರ, ಮಧ್ಯಾಹ್ನ 1:20

ಗೇಟಿನ ರಿಜಿಸ್ಟರ್ ಓದಿ ನನಗೆ ಒಂದು ಹಳೇ ಮೊಕದ್ದಮೆ ನೆನಪಾಯಿತು. 1926ರಲ್ಲಿ ಬ್ರಾಂಕೂಸಿ ಅನ್ನೋ ಶಿಲ್ಪಿಯ ಕಂಚಿನ ಹಕ್ಕಿಯೊಂದು ಹಡಗಲ್ಲಿ ನ್ಯೂಯಾರ್ಕಿಗೆ ಬಂತು. ಕಲಾಕೃತಿಗೆ ಸುಂಕ ಇಲ್ಲ. ಆದರೆ ಸುಂಕದವರಿಗೆ ಅದರಲ್ಲಿ ರೆಕ್ಕೆ, ಕೊಕ್ಕು, ಪುಕ್ಕ ಯಾವುದೂ ಕಾಣಲಿಲ್ಲ. ಅಡುಗೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನಿನ ಲೆಕ್ಕಕ್ಕೆ ಹಾಕಿ ಶೇಕಡಾ 40 ಸುಂಕ ಕೇಳಿದರು. ಕೋರ್ಟಿಗೆ ಹೋಯಿತು. ಒಳ್ಳೆ ಮೆಕ್ಯಾನಿಕ್ ಕೂಡ ಹಿತ್ತಾಳೆ ಉಜ್ಜಿ ಹೀಗೆ ಮಾಡಬಹುದಲ್ಲ ಅಂತ ಸಾಕ್ಷಿಯನ್ನ ಕೇಳಿದರು. ಉಜ್ಜಬಹುದು, ಆದರೆ ಆ ಆಕಾರ ಅವನಿಗೆ ಹೊಳೆಯಲ್ಲ ಅನ್ನೋದು ಬಂದ ಉತ್ತರ. 1928ರಲ್ಲಿ ತೀರ್ಪು ಶಿಲ್ಪಿ ಕಡೆಗೆ ಆಯಿತು.

ಸಿವುಡು, ಆ ರಿಜಿಸ್ಟರ್ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮ ಪ್ರಾಜೆಕ್ಟಿನ ಭಾಗ ಅದು.

ಮಂಡ್ಯದ ಹೈದ · ಸೋಮವಾರ, ಮಧ್ಯಾಹ್ನ 1:33

ಹೊಳೆಯೋದು ಒಬ್ರಿಗೆ, ಉಜ್ಜೋದು ಒಬ್ರು ಅಂತಾರಲ್ಲಕ್ಕ, ಮೆದೆ ವಿಷ್ಯದಲ್ಲಿ ಎರಡೂ ಒಬ್ನೇ ಮಾಡೋದು. ಹುಲ್ಲು ಎಷ್ಟೈತೆ ಅಂತ ಕಣ್ಣಲ್ಲೇ ಅಳೆದು, ಬುಡ ಎಷ್ಟು ಅಗಲ ಹಾಕ್ಬೇಕು ಅಂತ ಮೊದಲ್ನೇ ಸುತ್ತಿಗೇ ತೀರ್ಮಾನ ಮಾಡ್ಬೇಕು. ಬುಡ ಅಗಲ ಆಗೋದ್ರೆ ಹುಲ್ಲು ಸಾಲ್ದೆ ತಲೆ ಕಟ್ಟಕ್ಕಾಗಲ್ಲ. ನಕ್ಷೆ ಇಲ್ಲ, ಗೇಣು ಇಲ್ಲ. ಹೊಳೀದೆ ಹೆಂಗಾಯ್ತದೆ?

ಸಿವುಡು · ಸೋಮವಾರ, ರಾತ್ರಿ 9:10

ಎಲ್ಲ ಓದಿದೆ. ಗೆಸ್ಸೋ ಅಕ್ಕ, ನಿಮ್ಮ ಮಾತು ಓದಿ ಅತ್ತುಬಿಟ್ಟೆ.

ಇವತ್ತು ಅಪ್ಪನಿಗೆ ಫೋನಲ್ಲಿ ನೇರವಾಗಿ ಕೇಳಿದೆ, ಮೆದೆ ಕಲೆಯಾ ಅಂತ. "ನಂಗೊತ್ತಿಲ್ಲ ಕಣವ್ವ. ಒಟ್ಟಿ ಕೆಳಗಿಳಿದ ಮೇಲೆ ದೂರ ಹೋಗಿ ಒಂದು ಸುತ್ತು ನೋಡ್ತೀನಿ. ಸೊಟ್ಟ ಇದ್ರೆ ಅವತ್ತು ಊಟ ಸೇರಲ್ಲ" ಅಂದ್ರು. ಸೊಟ್ಟ ಇದ್ರೂ ನೀರು ಇಳಿಯಲ್ವಲ್ಲ, ಯಾಕೆ ಬೇಜಾರು ಅಂದೆ. "ನೀರು ಇಳಿಯಲ್ಲ. ಆದ್ರೂ ಸೊಟ್ಟ ಅಲ್ವಾ" ಅಂದ್ರು.

ಮಾನಸಗಂಗೋತ್ರಿ ಗಾಳಿ · ಸೋಮವಾರ, ರಾತ್ರಿ 9:48

ನಿಮ್ಮ ತಂದೆ ಹೇಳಿದ ಈ ಮಾತು ಇಡೀ ಚರ್ಚೆಗಿಂತ ದೊಡ್ಡದು. ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಎಂ. ಹಿರಿಯಣ್ಣನವರು ಕಲಾನುಭವದ ಬಗ್ಗೆ ಬರೆದದ್ದರ ಸಾರ ಹೀಗೆ: ನನಗೇನು ಲಾಭ, ನನಗೇನು ನಷ್ಟ ಅನ್ನೋದು ಸ್ವಲ್ಪ ಹೊತ್ತು ಕಳಚಿಬಿದ್ದು, ನೋಡುವುದರಲ್ಲೇ ಮನಸ್ಸು ನಿಂತಾಗ ಆಗುವ ಆನಂದ ಅದು. ಅದು ಹೆಚ್ಚು ಹೊತ್ತು ಇರಲ್ಲ, ಮತ್ತೆ ಸಂಸಾರಕ್ಕೆ ವಾಪಸ್. ಮೆದೆ ಇಳಿದು, ಮೇವಿನ ಲೆಕ್ಕ ಬಿಟ್ಟು, ದೂರ ನಿಂತು ಒಂದು ಸುತ್ತು ನೋಡುವ ರೈತ ಆ ಹೊತ್ತಿನಲ್ಲಿ ಬೇರೆ ಏನು ಮಾಡುತ್ತಿದ್ದಾನೆ?

ಇನ್ನೊಂದು. ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ತೊಗಲುಗೊಂಬೆ, ಸೋಮನ ಕುಣಿತದ ಮುಖವಾಡಗಳ ಜೊತೆ ಅಡುಗೆ ಮನೆ ಸಾಮಾನು, ಬೇಸಾಯದ ಸಾಮಾನು ಎಲ್ಲ ಇವೆ. ನಮ್ಮಜ್ಜಿ ದಿನಾ ಕೈಯಲ್ಲಿ ಹಿಡಿಯುತ್ತಿದ್ದಂಥ ವಸ್ತುವಿನ ಮುಂದೆ ನಾನು ಕೈಕಟ್ಟಿಕೊಂಡು ನಿಂತಿದ್ದೆ. ಮೆದೆಯನ್ನ ಮಾತ್ರ ಯಾವ ವಸ್ತುಸಂಗ್ರಹಾಲಯದಲ್ಲೂ ನಾನು ನೋಡಿಲ್ಲ. ಇಡೋಕಾಗಲ್ಲ ಅದನ್ನ.

ಕುಕ್ಕರಹಳ್ಳಿ ಏರಿ · ಸೋಮವಾರ, ರಾತ್ರಿ 10:05

"ಆದ್ರೂ ಸೊಟ್ಟ ಅಲ್ವಾ." ಸರಿ, ನನ್ನ ಮೊದಲ ಮಾತಿನಲ್ಲಿ ಅರ್ಧ ವಾಪಸ್ ತಗೋತೀನಿ. ಉಪಯೋಗ ಮುಗಿದ ಮೇಲೂ ಉಳಿಯೋ ಆ ಅಸಮಾಧಾನ ಬರೀ ಕಸುಬಿನದಲ್ಲ. ಆದರೆ ಇನ್ನರ್ಧ ಹಾಗೇ ಇದೆ: ಇದರಿಂದ ತಂದೆ ಕಲಾವಿದರು ಅಂತ ಆಯ್ತು. ಮಗಳು?

ಟಿ. ನರಸೀಪುರ ಬಸ್ಸು · ಮಂಗಳವಾರ, ಬೆಳಗ್ಗೆ 8:00

ಸೋಮನಾಥಪುರಕ್ಕೆ ಹೋದೋರು ಕೆಳಗೆ ಬಗ್ಗಿ ನೋಡಬೇಕು. ವಿಗ್ರಹಗಳ ಪೀಠದಲ್ಲಿ ಮಾಡಿದವರು ಹೆಸರು ಕೆತ್ತಿದ್ದಾರೆ. ಮಲ್ಲಿತಮ್ಮ ಅನ್ನೋ ಹೆಸರು ಮತ್ತೆ ಮತ್ತೆ ಸಿಗುತ್ತೆ. 13ನೇ ಶತಮಾನದ ಹೆಸರು, ಇವತ್ತಿಗೂ ಓದಬಹುದು. ಆದರೆ ಊರಿಗೆ ಹೆಸರು ಬಂದದ್ದು ಗುಡಿ ಕಟ್ಟಿಸಿದ ಸೋಮನಾಥ ದಂಡನಾಯಕನಿಂದ. ಈ ಮೆದೆಯಲ್ಲಿ ಮಲ್ಲಿತಮ್ಮ ಯಾರು, ಸೋಮನಾಥ ಯಾರು ಅಂತ ತಂಗಿ ಯೋಚನೆ ಮಾಡಲಿ.

ಸಿವುಡು · ಮಂಗಳವಾರ, ಬೆಳಗ್ಗೆ 8:25

ನನಗೆ ದಂಡನಾಯಕ ಆಗೋಕೆ ಇಷ್ಟ ಇಲ್ಲ. ಒಟ್ಟಿಸಿದವಳು ಅಂತ ನನ್ನ ಹೆಸರು ಬರೋದು ಬೇಡ.

ಕೆಂಪು ದಾರ · ಮಂಗಳವಾರ, ಬೆಳಗ್ಗೆ 11:10

ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರ ಕೆಲಸ ನೋಡಿ ಸಿವುಡು. 1990ರ ದಶಕದಲ್ಲಿ ಸಗಣಿ ಹಿಡಿದು ಕೆಲಸ ಮಾಡಿದರು. ನೂರಾರು ಸೂಜಿಗೆ ದಾರ ಪೋಣಿಸಿ, ಕುಂಕುಮ ಹಚ್ಚಿ, ಉದ್ದದ ಹಗ್ಗಗಳನ್ನ ಮಾಡಿದರು. ಮನೆಯೊಳಗಿನ ವಸ್ತು, ಹೆಂಗಸರ ಕೈಕೆಲಸ. ಅವರ ಕೃತಿಗಳು ಜಗತ್ತಿನ ದೊಡ್ಡ ಗ್ಯಾಲರಿಗಳಲ್ಲಿ ಇವೆ. ಹಾಗೇ 1982ರಲ್ಲಿ ಆಗ್ನೆಸ್ ಡೀನ್ಸ್ ಅನ್ನೋರು ನ್ಯೂಯಾರ್ಕ್ ನಗರದ ನಡುವೆ ಎರಡು ಎಕರೆ ಗೋಧಿ ಬಿತ್ತಿ, ಬೆಳೆದು, ಕೊಯ್ದರು. ಅದೇ ಕೃತಿ.

ಈ ಇಬ್ಬರೂ ವಸ್ತುವನ್ನ ತಂದಿಟ್ಟು ಸುಮ್ಮನಾಗಲಿಲ್ಲ ಅನ್ನೋದನ್ನ ಗಮನಿಸಿ. ತಮ್ಮ ಕೈಯಲ್ಲಿ ತಿಂಗಳುಗಟ್ಟಲೆ ಮಾಡಿದರು.

ನಾಲೆ ಏರಿ ರೈತ · ಮಂಗಳವಾರ, ಮಧ್ಯಾಹ್ನ 2:15

ಈಗ ಎಲ್ಲಾ ಮೆಷಿನ್ ಕೊಯ್ಲು. ಹುಲ್ಲು ತುಂಡು ತುಂಡಾಗಿ ಗದ್ದೆ ತುಂಬಾ ಚೆಲ್ಲುತ್ತೆ. ಆಮೇಲೆ ಇನ್ನೊಂದು ಮೆಷಿನ್ ಬಂದು ಸುರುಳಿ ಸುತ್ತಿ ದಾರ ಕಟ್ಟಿ ಉರುಳಿಸಿ ಹೋಗುತ್ತೆ. ಬುಡ-ತುದಿ ಅನ್ನೋದೇ ಇಲ್ಲದ ಹುಲ್ಲನ್ನ ಒಟ್ಟೋಕೆ ಬರಲ್ಲ, ಜಾರುತ್ತೆ. ಸುರುಳಿಗಳನ್ನ ಶೆಡ್ಡಲ್ಲಿ ಪೇರಿಸಿಡ್ತೀವಿ. ನನ್ನ ಮಗನಿಗೆ ಇಪ್ಪತ್ತೆರಡು ವರ್ಷ, ಮೆದೆ ಹತ್ತಿದವನೇ ಅಲ್ಲ.

ಪಾಂಡವಪುರ ಸಂತೆ · ಮಂಗಳವಾರ, ಮಧ್ಯಾಹ್ನ 2:31

ಕೂಲಿಯವರು ಸಿಗಲ್ಲ ಸಾರ್, ಸಿಕ್ಕರೂ ಹತ್ತು ಜನ ಮೂರು ದಿನ ಕೊಯ್ಯೋದನ್ನ ಮೆಷಿನ್ ಮಧ್ಯಾಹ್ನದೊಳಗೆ ಮುಗಿಸುತ್ತೆ. ಯಾರನ್ನ ಬೈಯೋಣ?

ನಾಲೆ ಏರಿ ರೈತ · ಮಂಗಳವಾರ, ಮಧ್ಯಾಹ್ನ 2:40

ಯಾರನ್ನೂ ಬೈತಿಲ್ಲ. ನಾನೂ ಮೆಷಿನ್ನೇ ಹಾಕಿಸೋದು. ಆ ಹುಡುಗಿ ಕಲಿಯೋದಾದ್ರೆ ಈಗಲೇ ಕಲೀಲಿ ಅಂತ ಹೇಳಿದ್ದು. ಅವಳ ಅಪ್ಪನ ಕೈ ಇನ್ನೂ ಗಟ್ಟಿ ಇದೆ.

ಗೆಸ್ಸೋ ಕೈ · ಮಂಗಳವಾರ, ಮಧ್ಯಾಹ್ನ 3:02

ತಂಗಿ, ಅವರು ಹೇಳ್ತಿರೋದು ಕೇಳಿಸ್ತಾ? ಕಿತ್ತು ಹಾಕು. ನೀನೇ ಒಟ್ಟು.

ಕುಕ್ಕರಹಳ್ಳಿ ಏರಿ · ಮಂಗಳವಾರ, ಮಧ್ಯಾಹ್ನ 3:09

ಹತ್ತು ದಿನ ಉಳಿದಿರುವಾಗ ನಿಂತಿರೋದನ್ನ ಕಿತ್ತು ಹಾಕು ಅಂತ ಹೇಳೋದು ಸರಿಯಲ್ಲ ಮೇಡಂ. ಅವಳ ಅಂಕ ಹೋದರೆ ನಾವ್ಯಾರೂ ಕೊಡಲ್ಲ.

ಗೆಸ್ಸೋ ಕೈ · ಮಂಗಳವಾರ, ಮಧ್ಯಾಹ್ನ 3:12

ಅಂಕ ಮುಖ್ಯ ಅಂತ ನನಗೂ ಗೊತ್ತು ಸರ್. ಆದರೆ ಅವಳು ಇಲ್ಲಿಗೆ ಬಂದಿದ್ದು ಅಂಕ ಕೇಳೋಕಲ್ಲ.

ಸಿವುಡು · ಶನಿವಾರ, ರಾತ್ರಿ 9:55

ನಾಲ್ಕು ದಿನ ಈ ಕಡೆ ಬರೋಕಾಗಲಿಲ್ಲ. ಕೈ ತುಂಬಾ ಗೀರು, ಟೈಪ್ ಮಾಡೋಕೂ ಉರಿಯುತ್ತೆ.

ಬುಧವಾರ ಮೆದೆ ಕಿತ್ತೆ. ಅಪ್ಪನಿಗೆ ಬನ್ನಿ, ಆದರೆ ಕೈ ಹಾಕಬೇಡಿ ಅಂತ ಹೇಳಿ ಕರೆಸಿದ್ದೆ. ಕೀಳುವಾಗಲೇ ಅರ್ಧ ಪಾಠ ಆಯಿತು. ಮೇಲಿಂದ ಒಂದೊಂದು ವರಸೆ ತೆಗೆದ ಹಾಗೆ, ಅವರು ಹೇಗೆ ಕೂರಿಸಿದ್ರು ಅನ್ನೋದು ಹಿಂದುಮುಂದಾಗಿ ಕಾಣ್ತಾ ಹೋಯಿತು. ಅವತ್ತು ಪಕ್ಕದಲ್ಲೇ ನಿಂತು ಹುಲ್ಲು ಎತ್ತಿ ಕೊಟ್ಟವಳು ನಾನು, ಇದ್ಯಾವುದೂ ನೋಡಿರಲಿಲ್ಲ.

ಹುಲ್ಲನ್ನ ಹಿಡಿಯಲ್ಲಿ ತಗೊಂಡರೆ ಬುಡ ಯಾವುದು ಅಂತ ಬೆರಳಿಗೇ ಗೊತ್ತಾಗುತ್ತೆ. ಗಡುಸಾಗಿರುತ್ತೆ, ಕುಡುಗೋಲು ಓರೆಯಾಗಿ ಕೊಯ್ದ ಮೊನೆ ಚುಚ್ಚುತ್ತೆ. ತುದಿ ಮೆತ್ತಗೆ, ಒಂದೆರಡು ಜೊಳ್ಳು ಅಂಟಿರುತ್ತೆ. ಬುಡ ಹೊರಕ್ಕೆ, ತುದಿ ಒಳಕ್ಕೆ. ಎರಡನೇ ಹಿಡಿ ಮೊದಲನೆಯದರ ಅರ್ಧ ಮುಚ್ಚಬೇಕು. ಸುತ್ತು ಬಂದಮೇಲೆ ನಡುವೆ ನಿಂತು ತುಳೀಬೇಕು, ಆದರೆ ನಡು ಯಾವತ್ತೂ ಅಂಚಿಗಿಂತ ಎತ್ತರ ಇರಬೇಕು. ನಡು ತಗ್ಗಿದರೆ ಹುಲ್ಲು ಒಳಕ್ಕೆ ವಾಲುತ್ತೆ, ಬಿದ್ದ ನೀರೆಲ್ಲ ಹೊಟ್ಟೆಗೇ ಹೋಗುತ್ತೆ. ಹೆಗಲ ಹತ್ತಿರ ಒಂದು ಗೇಣು ಆಚೆ ಚಾಚಿಸಬೇಕು, ಮನೆ ಸೂರಿನ ಹಾಗೆ, ನೀರು ಬುಡಕ್ಕೆ ಬೀಳದೆ ಆಚೆ ತೊಟ್ಟಿಕ್ಕಲಿ ಅಂತ. ಆಮೇಲೆ ಒಳಕ್ಕೆ ಎಳೀತಾ ತಲೆ ಕಟ್ಟೋದು. ನಾನು ಚಾಚಿಸಿದ್ದು ಹೆಚ್ಚಾಗಿ ಎರಡು ಸಲ ಒಂದು ಮಗ್ಗುಲು ಪೂರ್ತಿ ಜಾರಿ ಬಿತ್ತು.

ಅಪ್ಪ ಕಟ್ಟೆ ಮೇಲೆ ಕೂತು ನೋಡ್ತಿದ್ರು. ಕೈ ಹಾಕಬೇಡಿ ಅಂದಿದ್ದೆನಲ್ಲ, ಮಾತೂ ಆಡಲಿಲ್ಲ. ಮೂರನೇ ಸಲಕ್ಕೆ ನಿಂತಿತು. ಶುಕ್ರವಾರ ಸಂಜೆ ಇಳಿದು ದೂರ ಹೋಗಿ ಸುತ್ತು ಬಂದೆ. ಏಳೂವರೆ ಅಡಿ. ಸೊಟ್ಟ ಇದೆ. ತೆಂಕಲಿಗೆ ವಾಲಿದೆ. ಅಪ್ಪ ಎದ್ದು ಹೋಗಿ, ಎಲ್ಲಿಂದಲೋ ಒಂದು ಸರ್ವೆ ಮರದ ಗಳ ತಂದು, ಕವೆ ಇರೋ ತುದಿಯನ್ನ ತೆಂಕಲ ಮಗ್ಗುಲಿಗೆ ಆಸರೆಯಾಗಿ ಊರು ಕೊಟ್ಟರು. ಅದೊಂದೇ ಅವರು ಮಾಡಿದ್ದು.

ಅವತ್ತು ರಾತ್ರಿ ನನಗೂ ಊಟ ಸೇರಲಿಲ್ಲ.

ಮಂಡ್ಯದ ಹೈದ · ಶನಿವಾರ, ರಾತ್ರಿ 10:01

ಶಭಾಷ್ ಕಣವ್ವ ತಂಗಿ. ಮೊದಲ್ನೇ ಮೆದೆ ಯಾರ್ದೂ ನೆಟ್ಟಗೆ ನಿಂತಿಲ್ಲ.

ಕುಕ್ಕರಹಳ್ಳಿ ಏರಿ · ಶನಿವಾರ, ರಾತ್ರಿ 10:20

ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಊರುಗೋಲನ್ನ ತೆಗೆಸಬೇಡಿ, ಯಾರು ಹೇಳಿದರೂ.

ಕೆಂಪು ದಾರ · ಭಾನುವಾರ, ಬೆಳಗ್ಗೆ 6:50

ಕನ್ನಡಿ ಇಡು ಅಂದವರಿಗೆ ಏನು ಹೇಳ್ತೀರಿ?

ಸಿವುಡು · ಭಾನುವಾರ, ಬೆಳಗ್ಗೆ 7:05

ಸೀಳಿದರೆ ನೀರು ಇಳಿಯುತ್ತೆ ಅಂತಲೇ ಹೇಳ್ತೀನಿ. ಈಗ ಅದು ನನಗೂ ಗೊತ್ತು.

ನಾಲೆ ಏರಿ ರೈತ · ಭಾನುವಾರ, ಬೆಳಗ್ಗೆ 8:10

ಒಂದು ಮಾತು ತಾಯಿ. ಮೆದೆ ಕೆಲಸ ಅರ್ಧ ಒಟ್ಟೋದರಲ್ಲಿ, ಅರ್ಧ ಹಿರಿಯೋದರಲ್ಲಿ, ಅಂದ್ರೆ ಮೇವಿಗೆ ಹುಲ್ಲು ಎಳೆದು ತೆಗೆಯೋದರಲ್ಲಿ. ಎಲ್ಲಿ ಬೇಕಾದ್ರೂ ಕೈ ಹಾಕಿ ಎಳೆದರೆ ಕುಸಿಯುತ್ತೆ. ಒಂದೇ ಮಗ್ಗುಲಲ್ಲಿ, ಸೊಂಟದ ಎತ್ತರದಲ್ಲಿ ಶುರು ಮಾಡಿ ದಿನಾ ಅಷ್ಟಷ್ಟೇ ಹಿರೀಬೇಕು. ಮಳೆಗಾಲದ ಹೊತ್ತಿಗೆ ಗುಹೆ ಥರ ಆಗುತ್ತೆ, ಮೇಲಿನ ತಲೆ ಹಾಗೇ ನಿಂತಿರುತ್ತೆ. ನಮ್ಮಮ್ಮ ಹಿರಿದ ಮೆದೆ ನೋಡಿದರೆ ಯಾರೋ ಕುಳಿತು ಕೆತ್ತಿದ ಹಾಗಿರೋದು. ಗಂಡಸರು ಒಟ್ಟಿದ್ದರ ಬಗ್ಗೆಯೇ ಎಲ್ಲರೂ ಮಾತಾಡ್ತೀರಿ. ಹಿರಿಯೋದು ಮನೆ ಹೆಂಗಸರು.

ಸಿವುಡು · ಭಾನುವಾರ, ಬೆಳಗ್ಗೆ 8:22

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮನೇಲೂ ಅಮ್ಮನೇ ಹಿರಿಯೋದು. ದಿನಾ ಎರಡು ಹೊತ್ತು.

ಸಿವುಡು · ಶುಕ್ರವಾರ, ಸಂಜೆ 6:30

ಇವತ್ತು ಮೌಲ್ಯಮಾಪನ ಮುಗೀತು. ಹೊರಗಿನ ಪರೀಕ್ಷಕರು ಸುತ್ತು ಹಾಕಿ ಊರುಗೋಲು ಯಾಕೆ ಅಂತ ಕೇಳಿದರು, ಹೇಳಿದೆ. ಗೇಟಿನ ರಿಜಿಸ್ಟರ್ ಹಾಳೆಯ ಫೋಟೋ ಪಕ್ಕದಲ್ಲಿ ಇಟ್ಟಿದ್ದೆ, ಅದನ್ನ ತುಂಬಾ ಹೊತ್ತು ನೋಡಿದರು. ಅಮ್ಮನೂ ಬಂದಿದ್ದರು. ಎಲ್ಲರೂ ನೋಡ್ತಿರುವಾಗಲೇ ಬಡಗಲ ಮಗ್ಗುಲಲ್ಲಿ, ಸೊಂಟದ ಎತ್ತರದಲ್ಲಿ, ಒಂದು ಹೊರೆ ಹಿರಿದು ಕೆಳಗಿಟ್ಟರು. ಕಲಾಕೃತಿ ಮುಟ್ಟಬಾರದು ಅಂತ ಒಬ್ಬ ಹುಡುಗ ತಡೆಯೋಕೆ ಬಂದ. ಅವರೇ ಅದರ ಕೊನೇ ಭಾಗ ಮಾಡ್ತಿರೋದು ಅಂತ ಹೇಳಿ ಬಿಡಿಸಿದೆ.

ಫಲಕದಲ್ಲಿ ಮೂರು ಸಾಲು ಬರೆದೆ. ಒಟ್ಟಿದ್ದು ಅಂತ ನನ್ನ ಹೆಸರು. ಒಟ್ಟೋದು ಕಲಿಸಿದ್ದು ಮತ್ತು ಊರು ಕೊಟ್ಟಿದ್ದು ಅಂತ ಅಪ್ಪನ ಹೆಸರು. ಹಿರಿಯುವವರು ಅಂತ ಅಮ್ಮನ ಹೆಸರು. ಅಪ್ಪ ತಮ್ಮ ಹೆಸರಿನ ಮುಂದೆ ನಿಂತು ಅಕ್ಷರ ಕೂಡಿಸಿ ಓದಿ, ಇನ್ಷಿಯಲ್ ಬಿಟ್ಟುಹೋಗಿದೆ ಅಂದರು. ಪೆನ್ನಲ್ಲಿ ಸೇರಿಸಿದೆ.

ಅಂಕ ಇನ್ನೂ ಬಂದಿಲ್ಲ.

ಗೆಸ್ಸೋ ಕೈ · ಶುಕ್ರವಾರ, ಸಂಜೆ 6:41

ನಾನು ನಾಳೆ ಬಂದು ನೋಡ್ತೀನಿ. ಎಷ್ಟು ದಿನ ಇರುತ್ತೆ?

ಸಿವುಡು · ಶುಕ್ರವಾರ, ಸಂಜೆ 6:44

ನಾಳೆ ಒಂದೇ ದಿನ ಅಕ್ಕ. ಹುಲ್ಲು ಬಿಟ್ಟು ಹೋಗೋಕಾಗಲ್ಲ, ಮನೇಲಿ ಎರಡು ಹಸು, ಒಂದು ಎಮ್ಮೆ ಇದೆ. ಭಾನುವಾರ ಬೆಳಗ್ಗೆ ಆರಕ್ಕೆ ಟ್ರ್ಯಾಕ್ಟರ್ ಬರುತ್ತೆ.

ಕುಕ್ಕರಹಳ್ಳಿ ಏರಿ · ಶುಕ್ರವಾರ, ಸಂಜೆ 7:02

ಲೋಡ್ ಮಾಡೋಕೆ ಜನ ಬೇಕಾ? ನನ್ನ ಮನೆ ಹತ್ತಿರವೇ, ಬರ್ತೀನಿ.

ಸಿವುಡು · ಶುಕ್ರವಾರ, ಸಂಜೆ 7:05

ಬನ್ನಿ ಸರ್. ತುಂಬು ತೋಳಿನ ಅಂಗಿ ಹಾಕ್ಕೊಂಡು ಬನ್ನಿ, ಹುಲ್ಲಿನ ಸುಂಕು ಮೈಗೆ ಕಚ್ಚುತ್ತೆ.